ವಾರ್ನಿಷ್ ಮತ್ತು ವಿಭೂತಿ
ಗದ್ದುಗೆಯ ಬಳಿ ಇರುವುದು ಹಿರಿಯ ಗುರುಗಳ ತೈಲಚಿತ್ರ ಒಂದೇ, ಛಾಯಾಚಿತ್ರವೂ ಬೇರೊಂದಿಲ್ಲ. ಬಣ್ಣ ಉದುರತೊಡಗಿದುದರಿಂದ ಅದನ್ನು ಪ್ರತಿಮಾಡಲು ಕುಳಿತ ತರುಣನು ಮುಖಕ್ಕೆಲ್ಲ ಅರಿಶಿನದ ಛಾಯೆ ಬಳಿದಿದ್ದುದನ್ನು ನಾವು ಕಂಡೆವು. ಮೂಲದ ವಾರ್ನಿಷ್ ಕಾಲಾಂತರದಲ್ಲಿ ಹಳದಿಗಟ್ಟಿ, ಮೇಲೆ ಧೂಪದ ಹೊಗೆ ಕುಳಿತಿತ್ತು. ಆತನು ಗುರುಗಳ ಮೈಬಣ್ಣವನ್ನಲ್ಲ, ವಾರ್ನಿಷನ್ನೇ ಚಿತ್ರಿಸಿದ್ದನು! ವಿಭೂತಿಯನ್ನು ಮಾತ್ರ ಅಚ್ಚಬಿಳುಪಿನಲ್ಲಿ ಎಳೆದಿದ್ದನು. ಹಣೆ ನೆರಳಿಗೆ ತಿರುಗುವೆಡೆ ವಿಭೂತಿಯ ಬಿಳುಪೂ ಮಂಕಾಗಬೇಕು. ಇಲ್ಲವಾದರೆ ಕಾಗದದ ಪಟ್ಟಿ ಅಂಟಿಸಿದಂತೆ ತೋರುವುದು.

ನಕಲು ಕೀಳೆಂದು ಮಕ್ಕಳನ್ನು ತಡೆಯುವ ಬಂಧುಗಳುಂಟು. ಐವತ್ತು ದಾಟಿದ ರೂಬೆನ್ಸನು 1628-29ರಲ್ಲಿ ಮ್ಯಾಡ್ರಿಡ್‌ನಲ್ಲಿ ಟಿಶಿಯನ್ನನ ಚಿತ್ರಗಳನ್ನು ಪ್ರತಿಮಾಡಿದನು. ತೆಳುಗಂದು ಬಣ್ಣದಲ್ಲಿ ನೆರಳು-ಬೆಳಕನ್ನಷ್ಟೇ ಗುರುತಿಸಿ, ಒಣಗಿದ ಮೇಲೆ ಎಣ್ಣೆ ಹೆಚ್ಚಿರುವ ಬಣ್ಣವನ್ನು ಏರಿಸಬೇಕು. ಕ್ರಮ ತಪ್ಪಿದರೆ ಬಿರುಕು ಬಿಡುವುದು. ತರುಣನು ಹೊಸ ಕ್ಯಾನ್ವಾಸಿನ ಮೇಲೆ ಹಣೆಯಿಂದಲೇ ಮತ್ತೆ ತೊಡಗಿದ್ದಾನೆ.