ಕಾಲೇಜು ಚುನಾವಣೆಗೆ ಹೆದರುವವರಿಗೆ

ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆ ನಿಂತು ಮೂರು ದಶಕ ಮೀರಿತು. ಮತ್ತೆ ನಡೆಸಿ ಎಂದು ಬಾಯಿ ತೆರೆದರೆ ಸಾಕು, ಹಳೆಯ ಆಕ್ಷೇಪಗಳೆಲ್ಲ ಎದ್ದು ಬರುತ್ತವೆ.

ಹುಡುಗರಿಗೆ ಇನ್ನೂ ತಿಳಿವಳಿಕೆ ಸಾಲದಂತೆ. ಸಂವಿಧಾನದ 61ನೇ ತಿದ್ದುಪಡಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ್ದು 1989ರಲ್ಲಿ. ಸಂಸದರನ್ನು ಆರಿಸಬಲ್ಲ ಹುಡುಗಿ, ಹಾಸ್ಟೆಲಿನ ನೀರಿನ ತೊಂದರೆ ಹೇಳಲು ತನ್ನ ಪ್ರತಿನಿಧಿಯನ್ನು ಆರಿಸಲಾರಳೇ?

ಹೊಡೆದಾಟ ಆಗುತ್ತದೆ ಎನ್ನುತ್ತಾರೆ. ಈ ಭಯ ಸುಳ್ಳಲ್ಲ. 2006ರಲ್ಲಿ ಉಜ್ಜಯಿನಿಯ ಮಾಧವ ಕಾಲೇಜಿನಲ್ಲಿ ಸಂಘದ ಚುನಾವಣೆಯ ಗಲಾಟೆಯ ನಡುವೆ ಪ್ರೊಫೆಸರ್ ಎಚ್.ಎಸ್. ಸಭರ್ವಾಲ್ ಜೀವ ಕಳೆದುಕೊಂಡರು. ಮೇಷ್ಟ್ರಾಗಿ ನನಗೆ ಅದನ್ನು ಮರೆಯಲಾಗದು. ಆದರೆ ಅದೇ ವರ್ಷ ಸುಪ್ರೀಂ ಕೋರ್ಟ್ ಜಾರಿಗೆ ತಂದ ಲಿಂಗ್ಡೋ ಸಮಿತಿಯ ಶಿಫಾರಸುಗಳನ್ನೂ ಓದಬೇಕು: ಅಭ್ಯರ್ಥಿಯ ಖರ್ಚು 5,000 ರೂಪಾಯಿ ಮೀರಬಾರದು, ಹಾಜರಾತಿ ಶೇ. 75 ಇರಬೇಕು, ಅಚ್ಚು ಹಾಕಿಸಿದ ಪೋಸ್ಟರ್ ಕೂಡದು, ಇಡೀ ಪ್ರಕ್ರಿಯೆ 10 ದಿನದಲ್ಲಿ ಮುಗಿಯಬೇಕು. ಇವನ್ನು ಕಟ್ಟುನಿಟ್ಟಾಗಿ ಪಾಲಿಸಿ ಎಂದು ಕೇಳುವುದು ಬಿಟ್ಟು ಚುನಾವಣೆಯೇ ಬೇಡ ಎನ್ನುವುದೇಕೆ?

ಎಲ್ಲಕ್ಕಿಂತ ಜೋರಾಗಿ ಕೇಳುವ ವಾದ, ಪಕ್ಷ–ಧರ್ಮದ ಜಗಳ ಕಾಲೇಜಿನೊಳಗೆ ನುಗ್ಗುತ್ತದೆ ಎಂಬುದು. 2022ರ ಫೆಬ್ರುವರಿಯನ್ನು ನೆನೆಯಿರಿ. ಉಡುಪಿಯಲ್ಲಿ ಹಿಜಾಬಿನ ವಿಚಾರಕ್ಕೆ ಶುರುವಾದದ್ದು ಊರೂರಿಗೆ ಹಬ್ಬಿತು. ಒಂದು ಕಡೆ ಕೇಸರಿ ಶಾಲು, ಚಿಕ್ಕಮಗಳೂರಿನಲ್ಲಿ ಅದಕ್ಕೆ ಎದುರಾಗಿ ನೀಲಿ ಶಾಲು. ಸರ್ಕಾರ ಶಾಲೆ-ಕಾಲೇಜುಗಳಿಗೆ ರಜೆ ಕೊಡಬೇಕಾಯಿತು. ಆಗ ನಮ್ಮ ಕ್ಯಾಂಪಸ್ಸುಗಳಲ್ಲಿ ಚುನಾವಣೆ ಇತ್ತೇ? ಇರಲಿಲ್ಲ. ಬಾಗಿಲು ಮುಚ್ಚಿದ್ದರೂ ಜಗಳ ಒಳಗೆ ಬಂದಿತು. ಅದನ್ನು ಕೂತು ಮಾತಾಡಲು, ಎರಡೂ ಕಡೆಯ ಹುಡುಗರು ತಮ್ಮವರೆಂದು ಒಪ್ಪಿ ಆರಿಸಿದ ಒಬ್ಬ ಪ್ರತಿನಿಧಿಯೂ ಕಾಲೇಜಿನಲ್ಲಿರಲಿಲ್ಲ. ಗೇಟಿನ ಬಳಿ ಘೋಷಣೆ ಕೂಗುವುದೊಂದೇ ದಾರಿ ಉಳಿದಿತ್ತು. ಚುನಾವಣೆ ಇದ್ದಿದ್ದರೆ ಎಲ್ಲವೂ ತಣ್ಣಗಿರುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ಗೆಲ್ಲಬೇಕಾದರೆ ತನ್ನ ಜಾತಿ, ತನ್ನ ಧರ್ಮದ ಆಚೆಗಿನವರ ಬೆಂಚಿಗೂ ಹೋಗಿ ವೋಟು ಕೇಳಲೇಬೇಕು. ಆ ಅಭ್ಯಾಸವನ್ನು ನಾವು ಅವರಿಗೆ ಮಾಡಿಸಲೇ ಇಲ್ಲ.

ಪೌರನೀತಿ ಪಠ್ಯದಲ್ಲಿದೆಯಲ್ಲ ಎನ್ನುವವರಿಗೆ ಒಂದೇ ಮಾತು: ನಮ್ಮ ತರಗತಿಯ ಪ್ರತಿನಿಧಿಯನ್ನು ಇಂದಿಗೂ ಅಂಕ ನೋಡಿ ನಾವು ಮೇಷ್ಟ್ರುಗಳೇ ನೇಮಿಸುತ್ತೇವೆ. ಪ್ರಜಾಪ್ರಭುತ್ವದ ಪಾಠ ಮುಗಿದ ಮರುದಿನವೂ ಹಾಗೆಯೇ ನೇಮಿಸಿದ್ದೇನೆ. ಮುಂದಿನ ವರ್ಷ ನಾನು ಆ ಹೆಸರು ಬರೆಯುವುದಿಲ್ಲ, ಚೀಟಿ ಹಂಚುತ್ತೇನೆ.