ತಪ್ಪಿದ ಸ್ವರಕ್ಕೆ ಸಂದ ಕೃತಜ್ಞತೆ

ಹಣ ಕೊಡಬಂದವರಿಗೆ ಬೇಡವೆನ್ನುವುದು ಸುಲಭ. ಕೃತಜ್ಞತೆ ಸಲ್ಲಿಸಬಂದವರಿಗೆ ಬೇಡವೆನ್ನುವುದು ಹೇಗೆ? ಕೆಲವು ವರ್ಷಗಳ ಹಿಂದೆ ಈ ಪ್ರಶ್ನೆ ಮಂಗಳೂರಿನ ನಮ್ಮ ಮನೆಯ ಜಗಲಿಗೇ ಬಂದು ಕುಳಿತಿತು.

ನೆರೆಮನೆಯಲ್ಲಿ ನಿವೃತ್ತ ಉಪಾಧ್ಯಾಯಿನಿಯೊಬ್ಬರಿದ್ದರು, ಪ್ರಾಟೆಸ್ಟಂಟ್ ಕ್ರೈಸ್ತರು. ಸಂಜೆ ನಾನು ಪಿಟೀಲು ಹಿಡಿದರೆ ಅವರು ಬೇಲಿಯಾಚೆ ಹೂಗಿಡಗಳಿಗೆ ನೀರೆರೆಯುತ್ತ ಕೇಳುತ್ತಿದ್ದರು. ಅವರು ತೀರಿಕೊಂಡ ರಾತ್ರಿ ಮಗಳು ಬಂದು, “ಮಾಸ್ಟ್ರೇ, ನಾಳೆ ಚರ್ಚಿನಲ್ಲಿ ನೀವು ನುಡಿಸಬೇಕು. ಅಮ್ಮ ಹೇಳಿಟ್ಟದ್ದು ಅದೊಂದೇ” ಎಂದು ಸ್ವರಲಿಪಿಯ ಹಾಳೆಯೊಂದನ್ನು ಕೈಗಿತ್ತಳು.

ಅದು ‘ಅಬೈಡ್ ವಿತ್ ಮಿ’. ಬರೆದವರು ಇಂಗ್ಲೆಂಡಿನ ಬ್ರಿಕ್ಸ್‌ಹ್ಯಾಮ್ ಎಂಬ ಮೀನುಗಾರರ ಊರಿನಲ್ಲಿ ಪಾದ್ರಿಯಾಗಿದ್ದ ಹೆನ್ರಿ ಫ್ರಾನ್ಸಿಸ್ ಲೈಟ್. ಕ್ಷಯದಿಂದ ಬಳಲಿ ಅವರು 1847ರಲ್ಲಿ ತೀರಿಕೊಂಡರು. ಈಗ ಎಲ್ಲೆಡೆ ಕೇಳಿಬರುವ ಮಟ್ಟು ವಿಲಿಯಂ ಹೆನ್ರಿ ಮಂಕ್ ಅವರದು, 1861ರಲ್ಲಿ ಪ್ರಕಟವಾಯಿತು. ಗಾಂಧೀಜಿಗೆ ಇದು ಪ್ರಿಯವಾದ ಗೀತೆ. ದೆಹಲಿಯ ಬೀಟಿಂಗ್ ರಿಟ್ರೀಟ್ ಸಮಾರಂಭದಲ್ಲಿ ಸೇನೆಯ ವಾದ್ಯವೃಂದಗಳು ದಶಕಗಳ ಕಾಲ ಇದನ್ನು ನುಡಿಸುತ್ತಿದ್ದವು, 2022ರಲ್ಲಿ ಕೈಬಿಡಲಾಯಿತು.

ನಾನು ಕಲಿತದ್ದು ಕರ್ನಾಟಕ ಸಂಗೀತ. ಆದರೆ ಪಿಟೀಲೇ ಯೂರೋಪಿನಿಂದ ಬಂದದ್ದಲ್ಲವೆ? ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮೊದಲಿಗರು ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು. ಆ ಧೈರ್ಯದಿಂದ, ಚರ್ಚಿನ ಆರ್ಗನ್ ವಾದಕರ ನೆರವು ಪಡೆದು, ಹಾಳೆಯನ್ನು ಸರಿಗಮಕ್ಕೆ ಇಳಿಸಿಕೊಂಡೆ. ಮೊದಲ ಸಾಲು ಗ ಗ ರಿ ಸ ಪ, ದ ಪ ಪ ಮ ಗ. ನೇರವಾದ ಶಂಕರಾಭರಣವೆಂದು ನಿಶ್ಚಿಂತನಾದೆ. ಆದರೆ ಎರಡನೆಯ ಸಾಲು ಮುಗಿಯುವಲ್ಲಿ, ಪಂಚಮಕ್ಕೇರುವ ಮುನ್ನ, ಒಂದು ಪ್ರತಿಮಧ್ಯಮ ಹೊಂಚಿ ಕುಳಿತಿತ್ತು. ಅದಕ್ಕೆ ಕೆಂಪು ಶಾಯಿಯ ಗುರುತು ಹಾಕಿ, ಪಕ್ಕದಲ್ಲಿ “ಗಮಕ ಕೂಡದು” ಎಂದೂ ಬರೆದುಕೊಂಡೆ.

ಮದುವೆ ಮನೆಗಳಲ್ಲಿ ನುಡಿಸಿ ಅಭ್ಯಾಸವಾದವನು ನಾನು. ಅಲ್ಲಿ ಮಾತು, ಮಕ್ಕಳ ಗಲಾಟೆ, ಊಟದ ಅವಸರ. ಒಂದು ಸ್ವರ ಜಾರಿದರೆ ಕೇಳುವವರಿಲ್ಲ. ಚರ್ಚಿನಲ್ಲಾದರೋ ಕಮಾನು ತಂತಿಯನ್ನು ಮುಟ್ಟುವ ಸದ್ದೂ ಕೇಳಿಸುವಷ್ಟು ಮೌನ. ಎದುರಿಗೆ ಬಿಳಿಯ ಹೂಗಳ ಕೆಳಗೆ ಶವಪೆಟ್ಟಿಗೆ. ಸಭಾಪಾಲಕರು ತಲೆಯಾಡಿಸಿದರು, ಆರಂಭಿಸಿದೆ. ಎರಡನೆಯ ಸಾಲು ಬಂತು. ಬೆರಳು ತನ್ನ ಹಳೆಯ ಜಾಗಕ್ಕೇ ಹೋಗಿ, ಶುದ್ಧಮಧ್ಯಮವನ್ನೇ ಹಿಡಿಯಿತು!

ಅಂದಿನಿಂದ ಒಂದು ವಾರ ಆ ಸ್ವರ ನನ್ನನ್ನು ಚುಚ್ಚುತ್ತಲೇ ಇತ್ತು. ಎಂಟನೆಯ ದಿನ ಮಗಳು ಬಂದಳು. ಲಕೋಟೆಯೊಂದನ್ನು ಮುಂದಿಟ್ಟಳು; ಬೇಡವೆಂದೆ. ಅವಳು ಒತ್ತಾಯಿಸಲಿಲ್ಲ.

“ಅಮ್ಮ ಹೋದ ಗಳಿಗೆಯಿಂದ ನನಗೆ ಅಳುವೇ ಬಂದಿರಲಿಲ್ಲ, ಮಾಸ್ಟ್ರೇ. ಬಂದವರ ಊಟ, ಕಾರು, ಹೂವು ಎಂದು ಓಡಾಡುತ್ತಲೇ ಇದ್ದೆ. ನೀವು ನುಡಿಸತೊಡಗಿದಾಗ ಅಮ್ಮ ಬೇಲಿಯ ಹತ್ತಿರ ನಿಂತ ಹಾಗೆ ಅನಿಸಿತು. ಆಗ ಅತ್ತೆ. ನಿಮ್ಮ ಉಪಕಾರ ಮರೆಯಲಾರೆ.”

“ಇಲ್ಲಮ್ಮಾ, ಆ ಎರಡನೆಯ ಸಾಲಿನಲ್ಲಿ...” ಎಂದು ನಾನು ಬಾಯಿ ತೆರೆದೆ.

“ಕಾಫಿ ಆರುತ್ತದೆ, ಮೊದಲು ಅವಳಿಗೆ ಕೊಡಿ,” ಎಂದಳು ಒಳಗಿನಿಂದ ಬಂದ ನನ್ನಾಕೆ. ಅವಳ ದೃಷ್ಟಿಯಲ್ಲಿ ಕಾಫಿಗಿಂತ ಬೇರೆಯ ಮಾತೇ ಇತ್ತು. ಬಾಯಿ ಮುಚ್ಚಿಕೊಂಡೆ.

ಒಳ್ಳೆಯದೇ ಆಯಿತು. ನನ್ನ ತಪ್ಪನ್ನು ಒಪ್ಪಿಕೊಂಡಿದ್ದರೆ ಹಗುರವಾಗುತ್ತಿದ್ದುದು ನನ್ನ ಮನಸ್ಸು. ತಾಯಿಯನ್ನು ಕಳೆದುಕೊಂಡ ಹುಡುಗಿ ನನ್ನನ್ನು ಸಮಾಧಾನಪಡಿಸಬೇಕಾಗುತ್ತಿತ್ತು. ಅವಳು ನನ್ನ ವಿದ್ಯೆಯನ್ನು ಹೊಗಳಲು ಬಂದವಳಲ್ಲ, ತನಗೆ ದೊರೆತುದನ್ನು ಹೇಳಲು ಬಂದವಳು. ಅದನ್ನು ವಿನಯದ ಹೆಸರಿನಲ್ಲಿ ತಳ್ಳಿಹಾಕುವುದೂ ಒಂದು ಬಗೆಯ ಅಹಂಕಾರವೇ ಅಲ್ಲವೆ?

“ಒಳ್ಳೆಯದಮ್ಮಾ,” ಎಂದೆ. “ನಿನ್ನ ತಾಯಿ ಬಹಳ ಚೆನ್ನಾಗಿ ಕೇಳುತ್ತಿದ್ದರು.”

ಅವಳು ಹೋದ ಮೇಲೆ ಪಿಟೀಲು ತೆಗೆದು, ಬೇಲಿಯ ಕಡೆಗೆ ಮುಖಮಾಡಿ ಕುಳಿತು, ಎರಡನೆಯ ಸಾಲನ್ನು ಸರಿಯಾಗಿ ನುಡಿಸಿದೆ.