ಟೈಮರಿನ ಕಾಲ ಮುಗಿದಿದೆಯೇ?

ಏಕಾಗ್ರತೆಯ ಮಟ್ಟಿಗೆ ಟೈಮರಿನ ಕಾಲ ಮುಗಿಯಿತು, ಮಾತನಾಡಿಸಿ ಹುರಿದುಂಬಿಸುವ ಎಐ ಸಂಗಾತಿಯೇ ಇನ್ನು ಗತಿ ಎಂಬ ಇತ್ತೀಚಿನ ವಾದವು ಟೈಮರನ್ನು ಬರಿಯ ಗಂಟೆಯೆಂದು ಎಣಿಸಿದ್ದರಿಂದ ಹುಟ್ಟಿದೆ. 1980ರ ದಶಕದ ಕೊನೆಯಲ್ಲಿ ಇಟಲಿಯ ವಿದ್ಯಾರ್ಥಿಯಾಗಿದ್ದ ಫ್ರಾಂಚೆಸ್ಕೊ ಚಿರಿಲ್ಲೊ ಟೊಮೆಟೊ ಆಕಾರದ ಅಡುಗೆಮನೆಯ ಟೈಮರಿನಿಂದ ರೂಪಿಸಿದ ಪೊಮೊಡೊರೊ ಪದ್ಧತಿಯಲ್ಲಿ, ಅಂದರೆ 25 ನಿಮಿಷ ಒಂದೇ ಕೆಲಸ, ಬಳಿಕ 5 ನಿಮಿಷ ಬಿಡುವು ಎಂಬ ಕ್ರಮದಲ್ಲಿ, ಟೈಮರನ್ನು ತಿರುಗಿಸಿಡುವುದೇ ಕೆಲಸಕ್ಕೆ ಕೂರುವ ಸಂಕಲ್ಪವಾಗುತ್ತದೆ; ನಡುವೆ ಯಾರಿಗೋ ಫೋನು ಮಾಡಬೇಕೆಂದು ನೆನಪಾದರೆ ಹಾಳೆಯಲ್ಲಿ ಗುರುತು ಹಾಕಿ ಮುಂದುವರಿಯಬೇಕೆಂಬ ನಿಯಮವು, ಮನಸ್ಸು ಎಲ್ಲೆಲ್ಲಿ ಜಾರುತ್ತದೆಂಬ ಲೆಕ್ಕವನ್ನು ಕೆಲಸ ಮಾಡುವವರ ಕೈಗೇ ಕೊಡುತ್ತದೆ. ಸಂಗಾತಿಯಾದರೋ ಆ ಲೆಕ್ಕವನ್ನು ತಾನೇ ಇಟ್ಟುಕೊಳ್ಳುವುದಲ್ಲದೆ, "ಹೇಗೆ ಸಾಗಿದೆ?" ಎಂದು ವಿಚಾರಿಸಿ ಉತ್ತರ ಕೊಡುವ ಇನ್ನೊಂದು ಕೆಲಸವನ್ನೂ ತಲೆಗೆ ಕಟ್ಟುತ್ತದೆ. ಒಂದರಿಂದ ಮತ್ತೊಂದಕ್ಕೆ ಹೊರಳಿದಾಗ ಗಮನದ ಒಂದಂಶ ಹಿಂದಿನದರಲ್ಲೇ ಉಳಿಯುವುದನ್ನು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ಗಮನದ ಶೇಷವೆಂಬ ಪರಿಕಲ್ಪನೆಯಿಂದ ವಿವರಿಸಿದ್ದು ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ದೊಡ್ಡ ಕೆಲಸವನ್ನು ಬಿಡಿಸಿಕೊಳ್ಳಲಾಗದೆ ತಡವರಿಸುವವರಿಗೆ, ಕೂರುವ ಮೊದಲು, ಎಐ ನೆರವಾದೀತು, ಅಷ್ಟನ್ನು ಒಪ್ಪಬಹುದು. ಆದರೆ ಬಳಕೆದಾರರು ಪರದೆಯ ಮುಂದೆ ಉಳಿದಷ್ಟೂ ಲಾಭ ಕಾಣುವ ಉತ್ಪನ್ನವು ಅವರನ್ನು ಪರದೆಯಿಂದ ಬಿಡಿಸುತ್ತದೆಂದು ನಂಬಲು ಆ ವಾದವು ಯಾವ ಆಧಾರವನ್ನೂ ಒದಗಿಸಿಲ್ಲ.